ಮೋರಿಗೆ ಬಿರಡೆ

"ತಿರುಗೋ, ಬೋಳಿಮಗನೆ. ಬೆನ್ನು ತೋರ್ಸು. ಥೂ! ಇವನ ಮೈ ನೋಡಿದ್ರೆ ತಿಂದಿದ್ದು ಹೊರಗೆ ಬರುತ್ತೆ. ಆಚೆ ನಿಲ್ಲು. ಮುಂದಿನವನು ಬಾರೋ."

ಮುಂದಿನವನು ನಾನು. ಈಜು ಸಂಘದ ಕಚೇರಿಯ ಹಿಂದೆ, ಮುರಿದ ಕುರ್ಚಿ ಪೇರಿಸಿಟ್ಟ ಕೋಣೆಯಲ್ಲಿ ಮೋರಿ ಕೆಲಸದವರೆಲ್ಲ ಅಂಗಿ ಬಿಚ್ಚಿ ಗೋಡೆಗೆ ಸಾಲಾಗಿ ನಿಂತಿದ್ದೆವು. ಸಂಘದ ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ದನ ಕೊಳ್ಳಲು ಬಂದವನ ಹಾಗೆ ಒಬ್ಬೊಬ್ಬರ ಹಿಂದು ಮುಂದು ನೋಡುತ್ತಿದ್ದ. ದೇಶದ ತಂಡವನ್ನೂ ಹೀಗೇ ಆರಿಸಿದ್ದನೋ ಏನೋ. ನಮ್ಮಲ್ಲಿ ಅವನಿಗೆ ಬೇಕಾಗಿದ್ದು ಹುಣ್ಣಿಲ್ಲದ ಒಂದು ಮೈ.

ಅಂಥದ್ದು ಎಲ್ಲಿಂದ ಬರಬೇಕು? ಮೋರಿಗಿಳಿಯುವವನ ಮೈಯಲ್ಲಿ ಹುಣ್ಣಿಲ್ಲ ಅಂದರೆ ಅವನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು. ನನಗೆ ಸೊಂಟದ ಮೇಲೆ ಕಡಿಮೆ, ಕೆಳಗೇ ಜಾಸ್ತಿ. "ಇವನು ಪರವಾಗಿಲ್ಲ, ಪ್ಯಾಂಟು ಹಾಕಿ ಮುಚ್ಚಬಹುದು" ಅಂದ. ತಂಡದವರು ಹಾಕುವಂಥದ್ದೇ ನೀಲಿ ಪ್ಯಾಂಟು, ಬೆನ್ನಿನ ಮೇಲೆ ದೇಶದ ಹೆಸರು ಬರೆದ ಮೇಲಂಗಿ ತರಿಸಿದ. ತಂದ ಜವಾನ ಅದನ್ನು ಬಾಗಿಲಿನಿಂದಲೇ ನನ್ನ ಕಡೆ ಎಸೆದ.

ವಿಷಯ ಇಷ್ಟೆ. ನಮ್ಮೂರ ಕೆರೆಯಲ್ಲಿ ಹತ್ತಾರು ದೇಶಗಳ ಈಜುಗಾರರ ಪಂದ್ಯ. ಊರಿನ ಹೇಲು ಉಚ್ಚೆಯೆಲ್ಲ ಹರಿದು ಸೇರುವುದೂ ಅದೇ ಕೆರೆಗೆ. ಹಾಗಾಗಿ ದೊಡ್ಡ ಮೋರಿಯ ಬಾಯಿಗೆ ನಮ್ಮ ಕೈಯಿಂದಲೇ ಮರಳಿನ ಚೀಲ ತುರುಕಿಸಿ, ಅದರ ಮುಂದೆ ಹಲ್ಲು ಬಿಟ್ಟು ನಗುವ ಈಜುಗಾರ್ತಿಯರ ಬ್ಯಾನರ್ ಕಟ್ಟಿಸಿದ್ದರು. ಮೋರಿಗೆ ಬಿರಡೆ ಹಾಕಿದರೆ ಊರಿನವರು ಕಕ್ಕಸಿಗೆ ಹೋಗುವುದನ್ನು ಬಿಡುತ್ತಾರೆಯೇ? ಅದೆಲ್ಲ ಹಿಂದಕ್ಕೆ ಉಕ್ಕಿ, ತಗ್ಗಿನಲ್ಲಿರುವ ನಮ್ಮ ಕೇರಿಯ ಮನೆಗಳಿಗೆ ನುಗ್ಗಿತು. ನನ್ನ ಮಗಳು ಬಾಣಂತಿ. ಕೂಸನ್ನು ಎದೆಗವಚಿಕೊಂಡು ಮಂಚ ಹತ್ತಿ ಕೂತವಳು ಕೆಳಗೆ ಕಾಲಿಡುವ ಹಾಗಿರಲಿಲ್ಲ. ಮನೆಯೊಳಗೆ ಯಾರ್ಯಾರದೋ ಹೊಟ್ಟೆಯದು ತೇಲುತ್ತಿತ್ತು. ಕೂಸು ಭೇದಿ ಹಿಡಿದು, ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿತ್ತು.

ಇಷ್ಟಾದರೂ ಪಂದ್ಯ ಶುರುವಾಗಿರಲಿಲ್ಲ. ಬೇರೆ ದೇಶದಿಂದ ಬಂದ ವೈದ್ಯೆಯೊಬ್ಬಳು ಕೆರೆ ನಾರುತ್ತಿದೆ, ಇದರಲ್ಲಿ ಈಜುವುದು ಬೇಡ ಅಂತ ಹಟ ಹಿಡಿದಿದ್ದಳು. ಪರೀಕ್ಷೆಗೆ ಕಳಿಸಿದ ನೀರು ಶುದ್ಧವಾಗಿತ್ತು, ನಿಜ. ಅದನ್ನು ಅತಿಥಿಗೃಹದ ನಲ್ಲಿಯಿಂದ ಹಿಡಿದು ಕೊಟ್ಟವನು ನನ್ನ ಜೊತೆಗಾರ ಕುಳ್ಳ. ಆದರೆ ಆ ಹೆಂಗಸಿಗೆ ಮೂಗಿತ್ತಲ್ಲ.

"ನೋಡೋ," ಅಂದ ಕಾರ್ಯದರ್ಶಿ. "ಇವತ್ತಿಗೆ ನೀನು ಕೆರೆ ಕಾವಲುಗಾರ. ಹುಟ್ಟಿದಾಗಿಂದ ಇದೇ ನೀರು ಕುಡ್ಕೊಂಡು ಗುಂಡುಕಲ್ಲಿನ ಹಾಗಿದ್ದೀಯ. ಆ ಡಾಕ್ಟರಮ್ಮನ ಮುಂದೆ ಒಂದು ಲೋಟ ಕುಡೀಬೇಕು. ಅವಳು ಹೂಂ ಅಂದ್ರೆ ನಾಳೆ ಬೆಳಿಗ್ಗೆ ಪಂದ್ಯ. ಮುಗೀತಿದ್ದಂಗೆ ಚೀಲ ತೆಗೀರಿ. ಊಹೂಂ ಅಂದ್ರೆ ಮತ್ತೆ ಪರೀಕ್ಷೆ, ಮತ್ತೆ ಕಾಯೋದು. ಅಲ್ಲೀವರೆಗೆ ನಿಮ್ಮ ಕೇರೀಲಿ ದೋಣಿ ಬಿಟ್ಕೊಂಡು ಓಡಾಡಿ."

"ಸಾರ್, ಮೊಮ್ಮಗು ಕೈಗೆ ದಕ್ಕೋ ಹಾಗಿಲ್ಲ. ಇವತ್ತೇ ಒಂದೆರಡು ಚೀಲ ಆದ್ರೂ..."

"ಮೊದ್ಲು ಕುಡಿ. ಆಮೇಲೆ ಮೊಮ್ಮಗು."

ದಂಡೆಯಲ್ಲಿ ಕ್ಯಾಮೆರಾದವರು, ವೈದ್ಯೆ, ನಮ್ಮ ದೇಶದ ತಂಡದ ಹುಡುಗಿಯರು. ಕುಳ್ಳ ಗಾಜಿನ ಲೋಟ ಅದ್ದಿ ತಂದುಕೊಟ್ಟ. ನನ್ನ ಮುಖ ನೋಡಲಿಲ್ಲ. ನೀರು ಹಸಿರಾಗಿತ್ತು, ತಳದಲ್ಲಿ ನೂಲಿನಂಥದ್ದು ಏನೋ ಸುಳಿಯುತ್ತಿತ್ತು. ಮೋರಿಯಲ್ಲಿ ಮುಳುಗುವಾಗ ನಾನು ತುಟಿ ಬಿಗಿದುಕೊಂಡೇ ಮುಳುಗುವವನು. ಇಷ್ಟು ವರ್ಷ ನನ್ನದು ಅಂತ ಕಾಪಾಡಿಕೊಂಡಿದ್ದು ಈ ಬಾಯಿಯೊಂದೇ. ಅದನ್ನೂ ತೆರೆದೆ. ಮಂಚದ ಮೇಲಿನ ಕೂಸನ್ನು ನೆನೆದು ಗಟಗಟ ಕುಡಿದೆ.

ತಂಡದ ನಾಯಕಿ ಉದ್ದನೆಯ ಹುಡುಗಿ, ನನ್ನ ಮಗಳ ವಯಸ್ಸಿನವಳು. ಹತ್ತಿರ ಬಂದು, "ನಿಜವಾಗ್ಲೂ ಚೆನ್ನಾಗಿದೆಯಾ ಅಂಕಲ್? ಅಭ್ಯಾಸ ಮಾಡ್ವಾಗ ಕಣ್ಣೆಲ್ಲ ಉರೀತು ನಮ್ಗೆ" ಅಂದಳು.

ಅವಳ ಹಿಂದೆ ಕಾರ್ಯದರ್ಶಿ ನಿಂತಿದ್ದ.

"ಚೆನ್ನಾಗಿದೆಯಮ್ಮ" ಅಂದೆ.

ವೈದ್ಯೆ ಹೂಂ ಅಂದಳು. ನಾನು ಗೋಡೆಯ ಮರೆಗೆ ಹೋಗಿ ಕರುಳು ಬಾಯಿಗೆ ಬರುವ ಹಾಗೆ ಕಕ್ಕಿದೆ. ಎಷ್ಟು ಕಕ್ಕಿದರೂ ಆ ಹುಡುಗಿಗೆ ಹೇಳಿದ ಮಾತು ಮಾತ್ರ ಹೊರಗೆ ಬರಲಿಲ್ಲ. ಮೋರಿಯಲ್ಲಿ ಕುತ್ತಿಗೆವರೆಗೆ ನಿಂತಾಗಲೂ ನನ್ನ ಮೇಲೆ ನನಗೆ ಅಷ್ಟು ಹೇಸಿಗೆಯಾಗಿದ್ದಿಲ್ಲ.

ಮರುದಿನ ಹುಡುಗಿಯರು ಚೆನ್ನಾಗಿಯೇ ಈಜಿದರು. ಎರಡನೆಯ ಸ್ಥಾನ ಬಂತು. ಧ್ವನಿವರ್ಧಕ ಹುಚ್ಚು ಹಿಡಿದ ಹಾಗೆ ಕೂಗಿತು. ನೀರಿನ ಮೇಲೆ ತೇಲಿಸಿದ ವೇದಿಕೆಗೆ ಕಾರ್ಯದರ್ಶಿ ಹೊರಟಿದ್ದ. ಕೊರಳಪಟ್ಟಿಗೆ ಸಣ್ಣ ಮೈಕು ಸಿಕ್ಕಿಸಿಕೊಳ್ಳುತ್ತಿದ್ದವನನ್ನು ಹಿಡಿದೆ.

"ಸಾರ್, ಚೀಲ ತೆಗೀತೀವಿ."

"ಯಾವ ಚೀಲ? ಓ, ಅದಾ. ಈ ವಾರ ಇರ್ಲಿ. ಮಂತ್ರಿಗಳು ದೋಣೀಲಿ ಸುತ್ತಾಡ್ಬೇಕಂತೆ."

"ಮಾತು ಕೊಟ್ಟಿದ್ರಿ. ಕೂಸು ಸಾಯುತ್ತೆ ಸಾರ್."

"ಹೇಲಲ್ಲೇ ಹುಟ್ಟಿದವರಿಗೆ ಹೇಲು ಹೊಸದೇನೋ? ಹೋಗ್ಹೋಗು. ಆ ಮೇಲಂಗಿ ಬೇಕಾದ್ರೆ ನೀನೇ ಇಟ್ಕೋ. ಇನ್ಯಾರು ಮುಟ್ತಾರೆ ಅದನ್ನ."

ನಾನು ಕುಳ್ಳನನ್ನು ಕರೆದುಕೊಂಡು ಬ್ಯಾನರಿನ ಹಿಂದೆ ನುಸುಳಿದೆ. ವೇದಿಕೆ ಕೂಗಳತೆಯಲ್ಲೇ ಇತ್ತು.

"ಅಣ್ಣ, ಕೆಲಸ ಹೋಗುತ್ತೆ."

"ಯಾವ ಕೆಲಸನೋ? ಇದಾ?"

ಕುಳ್ಳ ಪಿಚಕ್ಕನೆ ಉಗಿದ. ಇಬ್ಬರೂ ಮೇಲಿನ ಚೀಲಕ್ಕೆ ಕೈ ಹಾಕಿದೆವು. ಒಳಗಿನ ಒತ್ತಡಕ್ಕೆ ಅದು ನಡುಗುತ್ತಿತ್ತು.

ಆಗಲೇ ವೇದಿಕೆಯ ಮೇಲೆ ನಗು, ಕೇಕೆ. ಗೆದ್ದ ಖುಷಿಯಲ್ಲಿ ತಮ್ಮ ಹಿರಿಯರನ್ನು ಎತ್ತಿ ನೀರಿಗೆ ಹಾಕಿ ತಾವೂ ಹಾರುವುದು ಈಜುಗಾರರಲ್ಲಿ ವಾಡಿಕೆ. ಪದಕ ಹಾಕಿಕೊಂಡ ಹುಡುಗಿಯರು ಕಾರ್ಯದರ್ಶಿಯ ಕೈಕಾಲು ಹಿಡಿದು ಎತ್ತಿಯೇಬಿಟ್ಟರು. "ಬೇಡ್ರಮ್ಮ, ಸೂಟು ಹಾಳಾಗುತ್ತೆ" ಅಂತ ಅವನೂ ನಕ್ಕ. ಅಂಚಿಗೆ ಬಂದಾಗ ನಗು ನಿಂತಿತು.

"ಬಿಡ್ರೇ! ನೀರಿಗೆ ಬೇಡ! ಮೋರಿ ನೀರು ಕಣ್ರೇ ಅದು! ಬರೀ ಹೇಲು! ಬಾಯೊಳಗೆ ಹೋದ್ರೆ ಸತ್ತೇಹೋಗ್ತೀನಿ!"

ಕೊರಳಿನ ಮೈಕು ಅದನ್ನು ಕೆರೆಯ ಸುತ್ತಲೂ ಕೇಳಿಸಿತು. ಹುಡುಗಿಯರು ಅವನನ್ನು ಗಾಳಿಯಲ್ಲಿ ಹಿಡಿದುಕೊಂಡೇ ನಿಂತರು. ಬೆಳಗಿನಿಂದ ಅವರು ಬಾಯಿ ತೆರೆದು ಉಸಿರೆಳೆದದ್ದು ಅದೇ ನೀರಿನಲ್ಲಿ. ನಾಯಕಿ ತುಟಿಯನ್ನು ಭುಜಕ್ಕೆ ಉಜ್ಜಿಕೊಂಡಳು. ಮತ್ತೆ ಉಜ್ಜಿಕೊಂಡಳು.

ನಮ್ಮ ಮೊದಲ ಚೀಲ ಕಿತ್ತು ಬಂತು. ಕರ್ರಗಿನದು ಭರ್ರನೆ ನುಗ್ಗಿ ಬ್ಯಾನರನ್ನು ಹರಿದು ಎಳೆದುಕೊಂಡು ಹೋಯಿತು. ಮರೆಗೆ ಏನೂ ಉಳಿಯಲಿಲ್ಲ. ದೇಶದ ಹೆಸರಿನ ಮೇಲಂಗಿ ತೊಟ್ಟು ಸೊಂಟದವರೆಗೆ ಹೊಲಸಿನಲ್ಲಿ ನಿಂತ ನನ್ನನ್ನು ಆ ಹುಡುಗಿ ನೋಡಿದಳು. ಅವಳ ಕಣ್ಣಿನಲ್ಲಿದ್ದ ಅಸಹ್ಯದಲ್ಲಿ ನನ್ನ ಪಾಲೂ ಇತ್ತು. ಮುಖ ತಿರುಗಿಸಲಿಲ್ಲ ನಾನು. ಅಷ್ಟಕ್ಕಾದರೂ ಅವಳು ಹಕ್ಕುದಾರಳು.

ಕಪ್ಪು ನೀರು ವೇದಿಕೆಯ ಬುಡ ಮುಟ್ಟಿತು.

"ಬಿಡಬೇಡ್ರಮ್ಮಾ" ಅಂತ ಈಗ ಅಳುತ್ತಿದ್ದ ಕಾರ್ಯದರ್ಶಿ. ನಾಯಕಿ ಉಳಿದವರ ಮುಖ ನೋಡಿದಳು. ಎಲ್ಲರೂ ಒಟ್ಟಿಗೆ ಕೈ ಬಿಟ್ಟರು.

ಮುಳುಗಿ ಎದ್ದು, ತಲೆಯಿಂದ ಇಳಿಯುತ್ತಿದ್ದುದನ್ನು ಉಗುಳುತ್ತಾ, ಅವನು ನಮ್ಮ ಕಡೆ ತೋಳು ಚಾಚಿದ.

"ಕೈ ಕೊಡೋ! ಲೇ, ಕೈ ಕೊಡೋ!"

ನಮ್ಮ ಕೈಗಳು ಎರಡನೆಯ ಚೀಲದ ಮೇಲಿದ್ದವು.