ಎರಡು ಬೆರಳು ಬಿಗಿ

ದರ್ಜಿ ಅಕ್ಕನಿಗೆ ತಂಗಿಯ ಸೊಂಟ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದರೂ ದೇವರು ಅಳತೆಯನ್ನು ತಂಗಿಗೆ ಕೊಟ್ಟು, ಅಳತೆಪಟ್ಟಿಯನ್ನಷ್ಟೇ ತನ್ನ ಕೊರಳಿಗೆ ಹಾಕಿದ್ದನಲ್ಲ! ಅದಕ್ಕೇ ತಂಗಿಯ ಹೊಸ ಅಂಗಿಯನ್ನು ಬೇಕೆಂದೇ ಎರಡು ಬೆರಳು ಬಿಗಿಯಾಗಿ ಹೊಲಿದಳು.

“ಅಯ್ಯೋ, ಗುಂಡಿನೇ ಹಾಕೋಕಾಗ್ತಿಲ್ಲ ಕಣೇ ಅಕ್ಕ! ನಾನು ದಪ್ಪ ಆಗಿದೀನಾ?”

“ಹೇಳಿದ್ರೆ ಬೇಜಾರು ಮಾಡ್ಕೋತೀಯ,” ಎಂದು ಅಕ್ಕ ಬಾಯ್ತುಂಬ ಮರುಗಿದಳು.

ತಂಗಿ ಅಂದೇ ಸಿಹಿ ಬಿಟ್ಟಳು, ಬೆಳಗಾದರೆ ಓಡತೊಡಗಿದಳು. ಮತ್ತೊಂದು ಬಟ್ಟೆ ಹಿಡಿದು ಬಂದಾಗ ಅಳತೆಪಟ್ಟಿ ಅವಳ ನಡುವಿಗೆ ಎರಡು ಸುತ್ತು ಬರುವಂತಿತ್ತು.

“ಎಲ್ಲಾ ನಿನ್ನ ಪುಣ್ಯ ಕಣೇ! ಇನ್ನೊಂದು ಹೊಲಿದ್ಕೊಡು.”

ಅಕ್ಕ ಹಲ್ಲು ಕಡಿಯುತ್ತ ಹೊಲಿಗೆಯಂತ್ರ ತುಳಿದಳು. ಈ ಸಲ ಅಂಗಿಯನ್ನು ನಾಲ್ಕು ಬೆರಳು ಸಡಿಲ ಬಿಟ್ಟಳು.

‘ಇನ್ನೂ ಸಣ್ಣಗಾದೆ ಅಂದ್ಕೊಂಡು ತಿಂದು ತಿಂದು ಊದಲಿ, ಮೂದೇವಿ!’