ಕಿಸೆಯ ಬೀಡಿ

ಸೊಸೆ ಬಗ್ಗಿ ಗಂಡನ ಬಾಯಿ ಮೂಸುವುದನ್ನು ಯಶೋದಾಬಾಯಿ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡಳು. ದೀಪ ಹಚ್ಚುವ ಹೊತ್ತು. ಒಳಗೆ ಧಮ್ಮಪಾಲ ಎರಡು ಕೌದಿ ಹೊದ್ದು ಗಡಗಡ ನಡುಗುತ್ತ ಮಲಗಿದ್ದ. ಹಲ್ಲಿಗೆ ಹಲ್ಲು ಬಡಿಯುವ ಸದ್ದು ಬಾಗಿಲ ತನಕ ಕೇಳಿಸುತ್ತಿತ್ತು. ರತ್ನಮಾಲಾ ಹಣೆ ಮುಟ್ಟಿ ನೋಡುವ ನೆಪದಲ್ಲಿ ಮುಖ ತಗ್ಗಿಸಿ ಒಂದು ಸಲ ಉಸಿರೆಳೆದುಕೊಂಡಳು. ನಂಬಿಕೆ ಬರಲಿಲ್ಲವೋ ಏನೋ, ಇನ್ನೊಂದು ಸಲ ಎಳೆದುಕೊಂಡಳು. ಮೇಲೆದ್ದು ಅತ್ತೆಯನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಏನ್ ನೋಡಾಕತ್ತಿದ್ದಿ?"

"ಏನಿಲ್ರಿ ಅತ್ತಿ. ಜ್ವರ ಎಷ್ಟದ ಅಂತ ನೋಡ್ದೆ."

"ಜ್ವರ ಹಣಿ ಮ್ಯಾಲಿರ್ತದ, ಬಾಯಾಗಲ್ಲ."

ರತ್ನಮಾಲಾಳ ಕಣ್ಣು ತುಂಬಿತು. "ಓಣಿ ಎಲ್ಲಾ ಅದನ್ನ ಅನ್ನಾಕತ್ತದ್ರಿ. ನಾ ಎಷ್ಟಂತ ಕಿವಿ ಮುಚ್ಕೊಂಡು ಕೂಡ್ಲಿ?"

ಓಣಿ ಅನ್ನುತ್ತಿದ್ದುದು ಒಂದೇ ಮಾತು: ಧಮ್ಮಪಾಲ ಕುಡಿಯುತ್ತಾನೆ. ಅನ್ನದೆ ಏನು ಮಾಡೀತು ಪಾಪ? ಸಂಜೆಯಾದರೆ ಕಣ್ಣು ಕೆಂಪು, ಮೈ ನಡುಕ, ನಾಲಗೆ ತೊದಲು. ಬೆಳಗಾದರೆ ಏನೂ ಆಗಿಲ್ಲವೆಂಬಂತೆ ಎದ್ದು, ಎರಡು ಜೋಳದ ರೊಟ್ಟಿ ತಿಂದು, ಡಬ್ಬಿ ಕಟ್ಟಿಸಿಕೊಂಡು ಕೆಲಸಕ್ಕೆ ಹೋಗುವುದು. ದೀಪಾವಳಿಯಿಂದ ಈಚೆಗೆ ನಾಲ್ಕು ತಿಂಗಳಾಯಿತು, ಹೀಗೇ ನಡೆದಿತ್ತು. ಹುಮನಾಬಾದಿನ ಡಾಕ್ಟರಿಗೆ ತೋರಿಸಿದರು, ಬಸವಕಲ್ಯಾಣಕ್ಕೆ ಹೋಗಿ ದೊಡ್ಡ ಡಾಕ್ಟರಿಗೂ ತೋರಿಸಿದರು. ಮಲೇರಿಯಾ ಇಲ್ಲ, ಡೆಂಗ್ಯೂ ಇಲ್ಲ, ಟೈಫಾಯಿಡ್ ಇಲ್ಲ. ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತಿಗೆ ಜ್ವರವೇ ಇರುತ್ತಿರಲಿಲ್ಲ. ಮೂರನೇ ಸಲ ಹೋದಾಗ ಡಾಕ್ಟರು ಕನ್ನಡಕ ತೆಗೆದಿಟ್ಟು ರತ್ನಮಾಲಾಳನ್ನು ಮಾತ್ರ ಒಳಗೆ ಕರೆದು, "ಇವ್ರು ತಗೋತಾರೇನ್ರಿ?" ಎಂದು ಮೆಲ್ಲಗೆ ಕೇಳಿದ್ದರು. ಆ ಪ್ರಶ್ನೆ ಅವಳ ಜೊತೆಯಲ್ಲೇ ಮನೆಗೆ ಬಂದಿತ್ತು.

ಧಮ್ಮಪಾಲ ಒಂದು ತೊಟ್ಟು ಮುಟ್ಟಿದವನಲ್ಲ. ಅಪ್ಪ ಲಾಲಪ್ಪ ಕುಡಿದು ಕುಡಿದೇ ಸತ್ತ. ಮಣ್ಣು ಮಾಡಿ ಬಂದ ದಿನ ಹದಿನೇಳರ ಹುಡುಗ ಬಾಬಾಸಾಹೇಬರ ಫೋಟೋದ ಮುಂದೆ ನಿಂತು ಆಣೆ ಮಾಡಿದ್ದ, ಇಪ್ಪತ್ತು ವರ್ಷ ಪಾಲಿಸಿದ್ದ. ಅಂಥವನನ್ನು ಈಗ ಜನ ಕುಡುಕನ ಮಗ ಕುಡುಕ ಅನ್ನುತ್ತಿದ್ದರು. ಇದೆಲ್ಲ ಸಾಲದೆಂಬಂತೆ, ಅವನು ಆರು ವರ್ಷದಿಂದ ದುಡಿಯುತ್ತಿದ್ದ ವರ್ಕ್‌ಶಾಪಿನ ಮಾಲೀಕ ಸತೀಶಕುಮಾರ ಇವತ್ತು ಕಡೆಯ ಮಾತು ಹೇಳಿ ಕಳಿಸಿದ್ದ. ನಾಳೆ ಮನೆಯ ಹಿರಿಯರನ್ನು ಕರೆದುಕೊಂಡು ಬರಬೇಕು. ನಶೆಯಲ್ಲಿ ನಡುಗುವ ಕೈಗೆ ತಾನು ಲೇತ್ ಯಂತ್ರ ಕೊಡುವವನಲ್ಲ.

ಸೊಸೆ ಒಲೆಯ ಕಡೆ ಹೋದಳು. ಯಶೋದಾಬಾಯಿ ಮಗನ ಕಾಲದೆಸೆಯಲ್ಲಿ ಕುಳಿತಳು. ಈ ಜ್ವರ ಎಲ್ಲಿಂದ ಬರುತ್ತದೆಂಬುದು ಜಗತ್ತಿನಲ್ಲಿ ಒಬ್ಬಳಿಗೆ ಗೊತ್ತಿತ್ತು. ಆ ಒಬ್ಬಳು ತಾನೇ. ನಿನ್ನೆ ಸಂಜೆಯಿಂದ ಗೊತ್ತಿತ್ತು, ಆದರೂ ಬಾಯಿ ಬಿಟ್ಟಿರಲಿಲ್ಲ.

ಬಿಡುವುದಾದರೂ ಹೇಗೆ? ಕಳೆದ ಬುದ್ಧಹುಣ್ಣಿಮೆಯ ದಿನ ವಿಹಾರದಲ್ಲಿ, ಬೌದ್ಧ ಭಿಕ್ಷು ಭಂತೇಜಿಯ ಎದುರು, ನೂರಿನ್ನೂರು ಮಂದಿಯ ನಡುವೆ ಎದ್ದು ನಿಂತು, ನಲವತ್ತು ವರ್ಷದ ಬೀಡಿ ಇವತ್ತಿಗೆ ಬಿಟ್ಟೆ ಎಂದು ಕಟ್ಟು, ಕಡ್ಡಿಪೆಟ್ಟಿಗೆ ಎರಡನ್ನೂ ನೆಲಕ್ಕೆ ಎಸೆದವಳು ಅವಳು. ಜನ ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ಓಣಿಯಲ್ಲಿ ಅವಳ ನಡಿಗೆಯೇ ಬದಲಾಗಿತ್ತು. ಹೆಂಗಸರು ತಮ್ಮ ಗಂಡಂದಿರನ್ನು ಅವಳ ಹತ್ತಿರ ಹಿಡಿದು ತರುತ್ತಿದ್ದರು, ಅವಳು ಕಟ್ಟೆಯ ಮೇಲೆ ಕುಳಿತು ಬೈದು ಬುದ್ಧಿ ಹೇಳುತ್ತಿದ್ದಳು. ಧಮ್ಮಪಾಲನ ಜೊತೆಯಲ್ಲೇ ದುಡಿಯುವ ಪಕ್ಕದ ಮನೆಯ ನರಸಿಂಗ ಅವಳ ಬೈಗುಳಕ್ಕೆ ಹೆದರಿ ಎರಡು ತಿಂಗಳು ಗುಟಖಾ ಮುಟ್ಟಿರಲಿಲ್ಲ. ಇವರೆಲ್ಲರಿಗಿಂತ ಹೆಚ್ಚು ನಂಬಿದವಳು ರತ್ನಮಾಲಾ. ದಿನಕ್ಕೆ ನಾಲ್ಕು ಸಲ ಹಲ್ಲಿಗೆ ಮಿಸ್ರಿ ತಿಕ್ಕುವ ಚಟ ಅವಳದು, ಹುರಿದ ತಂಬಾಕಿನ ಕಪ್ಪು ಪುಡಿ. ಅತ್ತೆ ಬಿಟ್ಟರೆಂದು ತಾನೂ ಬಿಟ್ಟಳು. ಒಂದು ತಿಂಗಳು ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೊರಗಿ ಕುಳಿತದ್ದನ್ನು ಯಶೋದಾಬಾಯಿ ನೋಡಿದ್ದಳು.

ಅದೇ ತಿಂಗಳು ತಾನು ಬಚ್ಚಲ ಹಿಂದೆ ನಿಂತು ಬೀಡಿ ಸೇದಿದ್ದಳು! ಏನು ಮಾಡುತ್ತಾಳೆ, ಚಟ ಚಪ್ಪಾಳೆಗೆ ಬಗ್ಗುವುದಿಲ್ಲ. ಅಂಗಡಿಗೆ ಹೋಗಿ ಕೊಂಡರೆ ಊರಿಗೇ ಸುದ್ದಿ. ಹಾಗಾಗಿ ಭಾನುವಾರ ಮಧ್ಯಾಹ್ನ ಮಗ ಮಲಗಿದ್ದಾಗ, ಸೊಸೆ ಬಟ್ಟೆ ಒಗೆಯಲು ಹೋದಾಗ, ಗೂಟಕ್ಕೆ ತೂಗುಹಾಕಿದ ಅವನ ಕೆಲಸದ ಅಂಗಿಯ ಕಿಸೆಗೆ ಕೈ ಹಾಕಿ ಒಂದೇ ಒಂದು ಬೀಡಿ. ವಾರಕ್ಕೆ ಒಂದು. ಆಮೇಲೆ ಬಾಯಿಗೆ ಚಿಟಿಕೆ ಜೀರಿಗೆ.

ದೀಪಾವಳಿ ಆದಮೇಲೆ ಆ ಭಾನುವಾರದ ಸಂಜೆಗಳಲ್ಲಿ ಅವಳಿಗೂ ಚಳಿ ಹಿಡಿಯತೊಡಗಿತು. ಎದೆ ಬಿಗಿದಂತೆ, ಮೈಯೆಲ್ಲ ನುಗ್ಗಾದಂತೆ. ಮಗನ ಜ್ವರ ತಾಯಿಗೂ ಅಂಟಿತು ಎಂದು ರತ್ನಮಾಲಾ ಕಷಾಯ ಕುದಿಸಿ ಕೊಟ್ಟಳು. ಮೊನ್ನೆ ಒಂದು ವಾರ ಹುಲಸೂರಿನ ತಂಗಿಯ ಮನೆಗೆ ಹೋದಾಗ ಯಶೋದಾಬಾಯಿ ಪರವೂರೆಂಬ ಧೈರ್ಯದಲ್ಲಿ ಒಂದು ಕಟ್ಟು ಕೊಂಡು, ದನದ ಕೊಟ್ಟಿಗೆಯ ಹಿಂದೆ ದಿನಕ್ಕೆ ಮೂರರಂತೆ ಸೇದಿದಳು. ಜ್ವರ ಹತ್ತಿರವೂ ಸುಳಿಯಲಿಲ್ಲ. ತಿರುಗಿ ಬಂದು ನಿನ್ನೆ ಭಾನುವಾರ ಮಗನ ಕಿಸೆಯದನ್ನು ಹಚ್ಚಿದಳು. ಸಂಜೆಗೆ ಮತ್ತೆ ಹಲ್ಲು ಕಟಕಟ. ಕೌದಿಯೊಳಗೆ ನಡುಗುತ್ತಲೇ ಅವಳಿಗೆ ಹೊಳೆದಿತ್ತು: ರೋಗ ಮಗನಲ್ಲಿಲ್ಲ, ಕಿಸೆಯಲ್ಲಿದೆ.

ಹೇಳಿದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ. ಸೊಸೆಗಂತೂ ಮುಖ ತೋರಿಸುವಂತಿಲ್ಲ. ಹೇಳದಿದ್ದರೆ ಮಗನ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕುಡುಕನೆಂಬ ಹೆಸರು ಅವನಿಗೆ ಶಾಶ್ವತವಾಗಿ ಉಳಿಯುತ್ತದೆ. ನಿನ್ನೆಯಿಂದ ಅವಳು ಅತ್ತ ಇತ್ತ ತೂಗಿಕೊಂಡೇ ಇದ್ದಳು. ಸೊಸೆ ಎರಡನೇ ಸಲ ಉಸಿರೆಳೆದುಕೊಂಡದ್ದನ್ನು ನೋಡಿದ ಮೇಲೆ ತೂಗುವುದಕ್ಕೆ ಏನೂ ಉಳಿಯಲಿಲ್ಲ.

"ನಾಳಿಗೆ ನಾನೂ ಬರ್ತೀನಿ. ರತ್ನಮಾಲಾನೂ ಬರ್ಲಿ," ಎಂದಳು.

ಕೌದಿಯೊಳಗಿಂದ ಧಮ್ಮಪಾಲನ ದನಿ ನಡುಗುತ್ತ ಬಂತು. "ಬ್ಯಾಡವ್ವಾ. ನೀ ಬಂದು ಅಲ್ಲಿ ಏನ್ ಹೇಳ್ತಿ?"

ಅವಳು ಕೌದಿಯ ಅಂಚು ಎಳೆದು ಅವನ ಪಾದ ಮುಚ್ಚಿದಳು.

ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಆಟೋದಲ್ಲಿ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದರು. ತಗಡಿನ ಚಾವಣಿಯ ವರ್ಕ್‌ಶಾಪು, ಒಳಗೆ ಐದು ಲೇತ್. ನಾಲ್ಕರಲ್ಲಿ ಕಬ್ಬಿಣದ ಕೆಲಸ. ಮೂಲೆಯ ಐದನೆಯದು ಧಮ್ಮಪಾಲನದು. ಅದರ ಸುತ್ತ ಶಾವಿಗೆ ಚೆಲ್ಲಿದ ಹಾಗೆ ಬಿಳಿ ಎಳೆಗಳು ಬಿದ್ದಿದ್ದವು. ದೀಪಾವಳಿಯಿಂದ ಈ ಹೊಸ ಮಾಲು ಬರುತ್ತಿತ್ತು, ಟೆಫ್ಲಾನಿನ ಬಿಳಿ ರಾಡುಗಳು. ಅವನ್ನು ಕೊರೆದು ಕೆಮಿಕಲ್ ಫ್ಯಾಕ್ಟರಿಗಳ ವಾಲ್ವ್‌ಗಳಿಗೆ ಬಳೆಯಂಥ ಸೀಲುಗಳನ್ನು ಮಾಡಬೇಕು. ಧಮ್ಮಪಾಲನಿಗೆ ಅದರ ಮೇಲೆ ಎಲ್ಲಿಲ್ಲದ ಅಭಿಮಾನ. "ಆಸಿಡ್‌ದಾಗ ವರ್ಷಗಟ್ಲೆ ಇಟ್ರೂ ಅದಕ್ಕೇನೂ ಆಗಂಗಿಲ್ಲವ್ವಾ. ನೀರು ಅಂಟಂಗಿಲ್ಲ, ಎಣ್ಣಿ ಅಂಟಂಗಿಲ್ಲ. ಗ್ವಾಡಿ ಹತ್ತೋ ಹಲ್ಲಿ ಸುದ್ದಾ ಅದರ ಮ್ಯಾಲೆ ಜಾರಿ ಬೀಳ್ತದ. ಮನುಷ್ಯಾನ ಮೈಯಾಗ ರಕ್ತದ ನಳಿ ಮಾಡಿ ಕೂಡಿಸ್ತಾರ, ಅಷ್ಟ ಸಾಧು ಮಾಲು," ಎಂದು ಮನೆಯಲ್ಲಿ ಹೇಳುತ್ತಿದ್ದ. ಅಷ್ಟು ಸಾಧುವಾದ ವಸ್ತುವಿನ ಮೇಲೆ ಯಾರಿಗೆ ಅನುಮಾನ ಬರಬೇಕು?

ಸತೀಶಕುಮಾರ ಕೆಟ್ಟವನಲ್ಲ. ಎದ್ದು ಕುರ್ಚಿ ಸರಿಸಿದ. "ಕೂಡ್ರಿ ಆಯಿ. ನಿಮ್ಮ ಮಗ ಕೆಲ್ಸದಾಗ ನಂಬರ್ ಒಂದು, ನಾ ಅಲ್ಲ ಅನ್ನಂಗಿಲ್ಲ. ಖರೇ ಹೇಳ್ತೀನಿ, ಹೋದ ವಾರ ತಿರುಗೋ ಲೇತಿನ ಮುಂದ ತಲಿ ತಿರುಗಿ ಕುಂತಬಿಟ್ಟ. ಕೈ ಒಳಗ ಹೋಗಿದ್ರ ನಾ ನಿಮಗ ಏನ್ ಜವಾಬ್ ಕೊಡ್ಬೇಕಾಗಿತ್ತು? ಕುಡಿಯೋದು ಬಿಡಿಸ್ರಿ, ಇಲ್ಲಂದ್ರ..."

"ನನ್ನ ಮಗ ಕುಡಿಯಂಗಿಲ್ರಿ ಸಾಹೇಬ್ರ."

"ಎಲ್ಲಾ ತಾಯಂದ್ರೂ ಹಂಗ ಅಂತಾರ, ಆಯಿ."

ಯಶೋದಾಬಾಯಿ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿದಳು. ಎರಡು ಬೀಡಿ ತೆಗೆದು ಮೇಜಿನ ಗಾಜಿನ ಮೇಲೆ ಬೇರೆ ಬೇರೆ ಇಟ್ಟಳು. ನರಸಿಂಗ ಏನೋ ನೆಪ ತೆಗೆದು ಬಾಗಿಲಿಗೆ ಬಂದು ನಿಂತಿದ್ದ.

"ಇದು ಹುಲಸೂರದಾಗ ಅಂಗಡ್ಯಾಗ ತಗೊಂಡದ್ದು. ಇದು ಇವನ ಕಿಸೆದಾಗಿಂದು. ಅದು ಸೇದಿದ್ರ ಏನೂ ಆಗಂಗಿಲ್ಲ. ಇದು ಮಧ್ಯಾಹ್ನ ಸೇದಿದ್ರ ಸಂಜಿಗೆ ಚಳಿಜ್ವರ ಬರ್ತದ, ಮುಂಜಾನಿಗೆ ಹೋಗ್ತದ."

ಸತೀಶಕುಮಾರನಿಗೆ ನಗು ಬಂತು. "ಬೀಡಿಗೆ ಜ್ವರ ಬರ್ತದೇನು ಆಯಿ? ಹಂಗಾದ್ರ ಅರ್ಧಾ ಜಿಲ್ಲಾ ಹಾಸಗಿ ಹಿಡೀಬೇಕಿತ್ತು. ಯಾರು ಸೇದಿ ನೋಡ್ಯಾರ?"

ಹಿಂದೆ ನಿಂತ ಸೊಸೆಯ ಬಳೆಯ ಸದ್ದು ಕೂಡ ಕೇಳುತ್ತಿರಲಿಲ್ಲ.

"ನಾನ ಸೇದೀನಿ."

"ಕಾಕೂ, ನೀವು ಬಿಟ್ಟಿದ್ರಲ್ಲಾ!" ಬಾಗಿಲಲ್ಲಿದ್ದ ನರಸಿಂಗ ತಡೆಯಲಾರದೆ ಅಂದುಬಿಟ್ಟ.

"ಬಿಟ್ಟಿಲ್ಲಪ್ಪಾ. ಒಂದ ವಾರನೂ ಬಿಟ್ಟಿಲ್ಲ. ಮಗನ ಕಿಸೆದಾಗ ಕದ್ದು ಸೇದೀನಿ. ನಿನಗ ಕಟ್ಟಿ ಮ್ಯಾಲೆ ಕೂಡಿಸಿ ಬೈದ ದಿನಾನೂ ಸೇದೀನಿ." ಒಂದು ಸಲ ಬಾಯಿ ಬಿಟ್ಟ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. "ನಲವತ್ತ ವರ್ಷ ಸೇದಿದ ಬಾಯಿ ಅದ ಇದು ಸಾಹೇಬ್ರ. ಎಲಿ ಹಳೇದೋ ಹೊಸಾದೋ, ತಂಬಾಕ ಹಸಿದೋ ಒಣಾದೋ, ಒಂದ ಜುರಕಿಗೆ ಹೇಳ್ತದ. ಇವನ ಬೀಡ್ಯಾಗ ತಂಬಾಕಲ್ಲದ್ದು ಬ್ಯಾರೆ ಏನೋ ಸುಡತದ. ನನ್ನ ಮಾನ ಹೋದ್ರ ಹೋಗ್ಲಿ, ನನ್ನ ಮಗಗ ಕುಡುಕ ಅನಬ್ಯಾಡ್ರಿ."

ಧಮ್ಮಪಾಲ ತಲೆ ತಗ್ಗಿಸಿ ನಿಂತಿದ್ದ. ಸತೀಶಕುಮಾರ ನಗುವುದನ್ನು ನಿಲ್ಲಿಸಿದ್ದ. ಧಮ್ಮಪಾಲನ ಕಿಸೆಯ ಬೀಡಿಯನ್ನು ಎತ್ತಿ ಗಾಜಿನ ಮೇಲೆ ಎರಡು ಸಲ ಕುಟ್ಟಿದ. ತಂಬಾಕಿನ ಜೊತೆಗೆ ಚಿಟಿಕೆಯಷ್ಟು ಬಿಳಿ ಪುಡಿ ಉದುರಿತು. ಬೆರಳಿಂದ ಒತ್ತಿ ಕಿಟಕಿಯ ಬೆಳಕಿಗೆ ಹಿಡಿದ. ನೋಡುತ್ತ ನೋಡುತ್ತ ಅವನ ಮುಖ ಇಳಿಯಿತು. ಕಪಾಟು ತೆರೆದು ಫೈಲುಗಳನ್ನೆಲ್ಲ ಕೆಳಗೆ ಹಾಕಿ, ಒಂದು ಇಂಗ್ಲಿಷ್ ಕಾಗದ ಹುಡುಕಿ ತೆಗೆದ. ರಾಡುಗಳ ಮೊದಲ ಪೆಟ್ಟಿಗೆಯ ಜೊತೆ ಬಂದದ್ದು. ಮೂಲೆಯಲ್ಲಿ ಸಿಗರೇಟಿನ ಚಿತ್ರ, ಅದರ ಮೇಲೆ ಅಡ್ಡಲಾಗಿ ಕೆಂಪು ಗೆರೆ.

ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿಕೊಂಡ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: "ಇದರಾಗ ಬರದದ. ಈ ಮಾಲಿನ ಪುಡಿ ಬೀಡಿ ಸಿಗರೇಟಿಗೆ ಹತ್ಬಾರದು. ಬೆಂಕ್ಯಾಗ ಸುಟ್ಟು ಅದರ ಹೊಗಿ ಎದಿಗೆ ಹೋದ್ರ ನಾಕೈದು ತಾಸಿಗೆ ಚಳಿಜ್ವರ ಬರ್ತದಂತ. ಮರುದಿನ ತಾನ ಇಳೀತದಂತ."

"ಅದು ಯಾರಿಗೂ ಏನೂ ಮಾಡಂಗಿಲ್ಲ ಅಂದಿದ್ರಲ್ರಿ," ಎಂದ ಧಮ್ಮಪಾಲ. ತನ್ನ ಬಿಳಿ ರಾಡು ತನಗೇ ದ್ರೋಹ ಮಾಡಿತೆಂಬ ಬೇಜಾರು ಆ ದನಿಯಲ್ಲಿತ್ತು.

"ಸುಮ್ಮ ಇದ್ದಾಗ ಮಾಡಂಗಿಲ್ಲ. ಸುಟ್ರ ಮಾಡ್ತದ." ಸತೀಶಕುಮಾರ ಕಾಗದ ಮಡಚಿದ. ಮತ್ತೆ ಬಿಚ್ಚಿದ. "ಇದು ಬಂದು ನಾಕ ತಿಂಗಳಾತು. ಓದಿ ಹೇಳೋ ಕೆಲ್ಸ ನಂದಿತ್ತು. ನಾ ನಿನಗ ಕುಡುಕ ಅಂದೆ." ರತ್ನಮಾಲಾಳ ಕಡೆ ತಿರುಗಿ, "ತಪ್ಪಾತು ತಂಗಿ," ಎಂದ. ಅಂಥ ಮಾತು ಅವನ ಬಾಯಿಂದ ಬಂದದ್ದನ್ನು ನರಸಿಂಗ ಆರು ವರ್ಷದಲ್ಲಿ ಕೇಳಿರಲಿಲ್ಲ.

ಇನ್ನು ಮೇಲೆ ಬೀಡಿ ಕಟ್ಟು ಗೇಟಿನಲ್ಲೇ ಇಡಬೇಕು, ಕೆಲಸದ ಅಂಗಿ ಇಲ್ಲೇ ಬಿಡಬೇಕು, ಕೈ ತೊಳೆಯದೆ ಯಾರೂ ಹೊರಗೆ ಹೋಗಬಾರದು ಎಂದೆಲ್ಲ ಅವನು ಹೇಳುತ್ತಿದ್ದ. ಯಶೋದಾಬಾಯಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಮಗ ಉಳಿದ. ಆದರೆ ತಿರುಗಿ ಸೊಸೆಯ ಮುಖ ನೋಡಬೇಕಲ್ಲ, ಅದಕ್ಕೆ ಅವಳಲ್ಲಿ ಧೈರ್ಯವಿರಲಿಲ್ಲ.

ಹೊರಗೆ ಅಂಗಳಕ್ಕೆ ಬಂದ ಮೇಲೆ ರತ್ನಮಾಲಾಳೇ ಕೇಳಿದಳು. ದನಿ ಏರಿಸಲಿಲ್ಲ.

"ನಾ ಮಿಸ್ರಿ ಬಿಟ್ಟು ಒಂದ ತಿಂಗಳು ತಲಿ ಹಿಡ್ಕೊಂಡು ಕುಂತಿದ್ನಲ್ರಿ ಅತ್ತಿ. ಆವಾಗೂ ಸೇದಾಕತ್ತಿದ್ರೇನು?"

"ಹೌದವ್ವಾ."

"ಜ್ವರ ಬಂದಾಗ ಕಷಾಯ ಮಾಡಿಕೊಟ್ಟೆ. ಆವಾಗ?"

"ಆವಾಗೂ."

ರತ್ನಮಾಲಾ ತುಟಿ ಕಚ್ಚಿಕೊಂಡಳು. ಅವಳು ಬೈಯಲಿ, ಅಳಲಿ, ಬಿಟ್ಟು ಮುಂದೆ ನಡೆದುಬಿಡಲಿ, ಯಾವುದಕ್ಕೂ ಯಶೋದಾಬಾಯಿ ಸಿದ್ಧಳಾಗಿದ್ದಳು. ರತ್ನಮಾಲಾ ಅತ್ತೆಯ ಮಣಿಕಟ್ಟು ಹಿಡಿದಳು, ಗೇಟಿನ ಪಕ್ಕದ ನಲ್ಲಿಯ ತನಕ ಎಳೆದುಕೊಂಡೇ ಹೋದಳು. ಕಟ್ಟೆಯ ಮೇಲಿದ್ದ ಸಾಬೂನಿನ ತುಂಡು ತೆಗೆದುಕೊಂಡು ಅವಳ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು. ಉಗುರಿನ ಸಂದಿ, ಗೆಣ್ಣಿನ ಮಡಿಕೆ, ಯಾವುದನ್ನೂ ಬಿಡಲಿಲ್ಲ. ಸಿಟ್ಟಿನಿಂದಲೇ ತಿಕ್ಕಿದಳು. ಯಶೋದಾಬಾಯಿಗೆ ನೋವಾಯಿತು, ಕೈ ಎಳೆದುಕೊಳ್ಳಲಿಲ್ಲ.

ಸಾಬೂನಿನ ನೊರೆಯೆಲ್ಲ ಹರಿದುಹೋಯಿತು. ಒಳಗೆ ಲೇತುಗಳು ಒಂದೊಂದಾಗಿ ತಿರುಗತೊಡಗಿದವು. ರತ್ನಮಾಲಾ ನಲ್ಲಿ ನಿಲ್ಲಿಸಲಿಲ್ಲ. ಆ ಎರಡು ಮುದಿ ಕೈಗಳನ್ನು ತನ್ನ ಕೈಯಲ್ಲಿಟ್ಟುಕೊಂಡು, ಬೀಳುವ ನೀರಿನ ಕೆಳಗೆ ಹಿಡಿದೇ ನಿಂತಿದ್ದಳು.