ಕೋಡಿಯ ಮೇಲಿನ ಸಾಲು

2024ರ ನವೆಂಬರ್ 16, ಶನಿವಾರ, ಬೆಳಗ್ಗೆ 6 ಗಂಟೆ 40 ನಿಮಿಷ. ಕುಂಟೆಯ ಅಳತೆಗೋಲಿನಲ್ಲಿ ನೀರು 1.33 ಮೀಟರ್ ತೋರಿಸುತ್ತಿತ್ತು. ಹಿಂದಿನ ಸಂಜೆ ನಾನೇ ಬರೆದುಕೊಂಡದ್ದು 1.42. ಒಂದು ರಾತ್ರಿಯಲ್ಲಿ ಒಂಬತ್ತು ಸೆಂಟಿಮೀಟರ್ ಗಾಳಿಗೂ ಆರುವುದಿಲ್ಲ, ನೆಲಕ್ಕೂ ಇಂಗುವುದಿಲ್ಲ.

ಕೋಡಿಯ ಕಡೆ ನಡೆದೆ. ಕುಂಟೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲು ಕಟ್ಟಿದ ಕಲ್ಲಿನ ಗೋಡೆ ಅದು. ಅದರ ಮೇಲಿನ ಸಾಲಿನಲ್ಲಿ ಒಂದು ಕಲ್ಲು ಇರಲಿಲ್ಲ. ಆ ಸಂದಿನಿಂದ ನೀರು ಇನ್ನೂ ಸುರಿಯುತ್ತಿತ್ತು. ಸಿಮೆಂಟಿನ ಮೇಲೆ ಹಾರೆಯ ಹೊಸ ಗಾಯಗಳಿದ್ದವು, ಮೂರು.

ನಾನು ಹೈದರಾಬಾದಿನ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತೇನೆ. ಭಾಲ್ಕಿಯಿಂದ ಬಂದು ವ್ಯಾಪಾರ ಮಾಡಿದ ಅಪ್ಪ, ಜೀಡಿಮೆಟ್ಲಾದಿಂದ ಹದಿನೆಂಟು ಕಿಲೋಮೀಟರ್ ಆಚೆ ನಾಲ್ಕು ಎಕರೆ ಬಿಟ್ಟುಹೋಗಿದ್ದರು. ಅದರಲ್ಲಿ ಒಂದೂವರೆ ಎಕರೆ ಹೂಳು ತುಂಬಿದ ಕುಂಟೆ. ಮೂರು ವರ್ಷದಲ್ಲಿ ಬಳ್ಳಾರಿ ಜಾಲಿ ಕೀಳಿಸಿ, ಹೊಳೆಮತ್ತಿ, ಅತ್ತಿ, ಮುತ್ತುಗ ಹಚ್ಚಿದ್ದೆ. ಹೂಳು ತೆಗೆದ ಮೇಲೆ ಜಂಬುಹುಲ್ಲು ತಾನಾಗಿಯೇ ಬಂತು. ಆ ವರ್ಷ ಅಂಚಿನ ತೆಳುನೀರಿನಲ್ಲಿ ಗುಳುಮುಳುಕ ಹಕ್ಕಿ ನಾಲ್ಕು ಗೂಡು ಕಟ್ಟಿತ್ತು.

ಕೋಡಿ ಕಟ್ಟಿದವನು ಸಾಬಣ್ಣ, ಯಾದಗಿರಿ ಕಡೆಯ ಗೌಂಡಿ. ನನ್ನ ಬೇಲಿಗೆ ಅಂಟಿಕೊಂಡು ಅರವತ್ತು ಚದರ ಗಜದಲ್ಲಿ ಅವನದೇ ಎರಡು ಕೋಣೆಯ ಮನೆ. ಆ ಕಲ್ಲನ್ನು ಅಕ್ಕಪಕ್ಕದ್ದು ಒಡೆಯದಂತೆ ಎಬ್ಬಿಸಬಲ್ಲ ಕೈ ಈ ಸುತ್ತಿನಲ್ಲಿ ಇನ್ನೊಂದಿಲ್ಲ.

ಅವನು ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಹೆಂಡತಿ ಯಂಕಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಕೋಡಿ ಕಲ್ಲು ಯಾರ್ ಕಿತ್ತಾರ್ರಿ ಸಾಬಣ್ಣ?"

"ನರಿ ಕಿತ್ತಿರಬೇಕ್ರಿ ಅಕ್ಕಾರ. ನಿಮ್ಮ ಕಾಡಿನಾಗ ಈಗ ಎಲ್ಲಾ ಅದಾವಲ್ಲ."

"ನರಿ ಹಾರಿ ಹಿಡ್ಕೊಂಡ್ ಬಂದಿತ್ತೇನು?"

ಯಂಕಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಬಾತುಕೋಳಿಗಿ ನೀರು ಬೇಕು ಖರೆ. ನಮಗ ನೆಲ ಬ್ಯಾಡೇನ್ರಿ?"

ಸೋಮವಾರ ಸರ್ವೆಯವರು ಬರುವುದಿತ್ತು. ಕುಂಟೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಅಲ್ಲಿ ಗೆರೆ ಹಾಕುತ್ತಾರೆ. ಹೈದರಾಬಾದಿನಲ್ಲಿ ಆ ಗೆರೆಗೆ ಎಲ್ಲರೂ ಎಫ್‌ಟಿಎಲ್ ಅನ್ನುತ್ತಾರೆ. ಗೆರೆಯ ಒಳಗೆ ಬಿದ್ದ ಮನೆಗೆ ಜೆಸಿಬಿ ಬರುತ್ತದೆಂಬ ಹೆದರಿಕೆ ಆ ವರ್ಷ ಊರಿಗೆಲ್ಲ ಇತ್ತು.

"ಸರ್ವೆ ಕರಸಿದವರು ಯಾರ್ರಿ?" ಸಾಬಣ್ಣ ಲೋಟ ಕೆಳಗಿಟ್ಟ.

"ಸರ್ಕಾರದವರು ಬರ್ತಾರ. ನನಗೇನ್ ಗೊತ್ತು?"

ಅವನು ಫೋನ್ ತೆಗೆದು ನನ್ನ ಮುಂದೆ ಹಿಡಿದ. ಪಂಚಾಯಿತಿ ಗೋಡೆಗೆ ಅಂಟಿಸಿದ್ದ ತೆಲುಗು ನೋಟಿಸಿನ ಫೋಟೋ. "ನನಗ ಓದಾಕ ಬರಂಗಿಲ್ಲ. ಅಳಿಯ ಓದಿ ಹೇಳ್ಯಾನ. ಅರ್ಜಿದಾರರು ಶರ್ವರಿ, ಸೂರ್ಯಕಾಂತರ ಮಗಳು. ನೀವಲ್ಲೇನು?"

ನಾನೇ. ಮಾರ್ಚ್‌ನಲ್ಲಿ ಆಚೆ ಬದಿಯ ಲೇಔಟಿನವರು ಲಾರಿಗಟ್ಟಲೆ ಕಟ್ಟಡದ ಅವಶೇಷ ತಂದು ಕುಂಟೆಗೆ ಸುರಿದಾಗ, ಗೆರೆ ಹಾಕಿಕೊಡಿ ಎಂದು ಬರೆದಿದ್ದೆ. ಸಾಬಣ್ಣನಿಗೆ ಹೇಳಿರಲಿಲ್ಲ. ಹೇಳುವಂಥದ್ದೇನಿದೆ ಅಂದುಕೊಂಡಿದ್ದೆ. ಅಥವಾ ಹೇಳಬಾರದೆಂದೇ ಇತ್ತೋ ಏನೋ.

"ಅದು ಲಾರಿಯವರ ಸಲುವಾಗಿ," ಅಂದೆ.

"ಲಾರಿಯವರ ಸಲುವಾಗಿ ಅಂತ!" ಯಂಕಮ್ಮ ನಕ್ಕಳು. "ಹಿಂದ ಬಂದು ನೋಡ್ರಿ, ನೀರು ಯಾವ ಲಾರಿ ಒಳಗ ಹೊಕ್ಕೈತಿ ಅಂತ."

ಮನೆಯ ಹಿಂದಕ್ಕೆ ನಾನು ಅದುವರೆಗೆ ಹೋಗಿರಲಿಲ್ಲ. ಗೋಡೆಯ ಬುಡದಲ್ಲಿ ಹಸಿರು ಪಾಚಿಯ ಪಟ್ಟಿ ಕಟ್ಟಿತ್ತು. ಸಿಮೆಂಟು ಉದುರುತ್ತಿತ್ತು. ನೀರಿನ ಅಂಚು ಈಗ ಗೋಡೆ ಬಿಟ್ಟು ಸ್ವಲ್ಪವೇ ಹಿಂದೆ ಸರಿದಿತ್ತು. ಗೋಡೆಯ ಬುಡ ಒಣಗಲಿ ಎಂದು ಎಷ್ಟು ಬೇಕೋ ಅಷ್ಟು ನೀರು ಹೋಗಿತ್ತು.

"ಕಿತ್ತವ ನಾನ. ಕಟ್ಟಿದವನೂ ನಾನ," ಸಾಬಣ್ಣ ಹೇಳಿದ. "ಈ ಜಾಗಾ ನಿಮಗ ಬೇಕಾಗಿತ್ತಂದ್ರ ನೆಟ್ಟಗ ಕೇಳಬೇಕಿತ್ತು."

"ನಿಮ್ಮ ಜಾಗಾ ನನಗ ಯಾಕ ಬೇಕು? ನೀವು ಕುಂಟೆ ಒಳಗ ಮನಿ ಕಟ್ಟಿಕೊಂಡ್ರ ನಾ ಏನ್ ಮಾಡ್ಲಿ?"

"ಕುಂಟಿ ಒಳಗೋ, ಕುಂಟೀನ ಮನಿಗಿ ಬಂತೋ, ಅಳದು ನೋಡೂಣ ಬರ್ರಿ."

ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಅವನು ತಂದ. ನೀರು ತುಂಬಿಸಿ, ಗಾಳಿಗುಳ್ಳೆ ಹೋಗುವವರೆಗೆ ಬೆರಳಿನಿಂದ ತಟ್ಟಿದ. ಒಂದು ತುದಿ ನಾನು ಕೋಡಿಯ ಮೇಲೆ ಹಿಡಿದೆ, ಇನ್ನೊಂದು ಅವನು ಹಿಂದಿನ ಗೋಡೆಗೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅದರಲ್ಲಿ ಮಾತಿಲ್ಲ. ಆದರೂ ಅವನು ಹಿಡಿದ ತುದಿ ನೋಡಲು ನಾನು ಹೋದೆ, ನಾನು ಹಿಡಿದದ್ದು ನೋಡಲು ಯಂಕಮ್ಮನನ್ನು ಕಳಿಸಿದ. ಗೋಡೆಯ ಬುಡ ಕೋಡಿಗಿಂತ ಎಂಟು ಸೆಂಟಿಮೀಟರ್ ಕೆಳಗಿತ್ತು.

"ನೋಡ್ರಿ, ಒಳಗೇ ಐತಿ," ಅಂದೆ. ನನ್ನ ದನಿಯಲ್ಲಿ ಗೆದ್ದ ಖುಷಿ ಇತ್ತು.

ಸಾಬಣ್ಣ ನನ್ನನ್ನು ಕೋಡಿಯ ಪಕ್ಕದ ಬಂಡೆಯ ಹತ್ತಿರ ಕರೆದೊಯ್ದ. ಹಳೆಯ ಕಾಲದ ನೀರು ನಿಂತು ನಿಂತು ಬಿದ್ದ ಬಿಳಿ ಗೆರೆ ಅಲ್ಲಿತ್ತು. ಕೋಡಿಯ ಮೇಲಿನ ಸಾಲು ಅದಕ್ಕಿಂತ ಒಂದು ಕಲ್ಲಿನಷ್ಟು ಎತ್ತರ.

"ನಾ ಈ ಗುರುತಿಗೇ ನಿಲ್ಲಿಸಿದ್ದೆ. ಇನ್ನೊಂದು ಸಾಲು ಇಡು ಅಂದವರು ಯಾರು?"

ಮೇ ತಿಂಗಳ ಮಧ್ಯಾಹ್ನವೊಂದು ನೆನಪಾಯಿತು. ಫೆಬ್ರುವರಿಗೇ ಅಂಚು ಒಣಗುತ್ತದೆ, ಇನ್ನೊಂದು ಸಾಲು ಇರಲಿ ಎಂದು ನಾನೇ ಹೇಳಿದ್ದೆ. ಮೂರು ವರ್ಷದ ಪ್ರತಿ ಮಳೆ, ಪ್ರತಿ ಸಸಿ ಬರೆದಿಟ್ಟ ನನ್ನ ಪುಸ್ತಕದಲ್ಲಿ ಆ ದಿನದ ಎದುರಿಗೆ 'ಕೋಡಿ ದುರಸ್ತಿ' ಎಂದಷ್ಟೇ ಇದೆ.

"ಆಗ ಹೇಳಬಾರದಿತ್ತೇನು, ನಿಮ್ಮ ಗೋಡಿಗಿ ನೀರು ಬರ್ತದಂತ?"

"ಕೂಲಿ ಕೊಡಾಕತ್ತವರಿಗೆ ಏನ್ ಹೇಳೂದ್ರಿ? ನಿಮಗ ಲೆಕ್ಕ ಗೊತ್ತು, ನೋಡೇ ಹೇಳಿರ್ತೀರಿ ಅಂದ್ಕೊಂಡೆ."

ಆ ಮೇಲಿನ ಸಾಲು ತೆಗೆದರೆ ಅಂಚಿನ ಸುಮಾರು ಸಾವಿರದ ನೂರು ಚದರ ಮೀಟರ್ ಒಣಗುತ್ತದೆ. ಗುಳುಮುಳುಕ ಗೂಡು ಕಟ್ಟಿದ್ದು ಅಲ್ಲಿಯೇ. ರಾತ್ರಿ ಎರಡು ಸಲ ಲೆಕ್ಕ ಹಾಕಿದೆ, ಎರಡು ಸಲವೂ ಅಷ್ಟೇ ಬಂತು.

ಭಾನುವಾರ ಬೆಳಗ್ಗೆ ನಾನು ಹೋಗುವ ಮೊದಲೇ ಸಾಬಣ್ಣ ಹಾರೆ ಹಿಡಿದು ಕೋಡಿಯ ಮೇಲೆ ನಿಂತಿದ್ದ. ನಾನು ತೆಗೆಯಬೇಡ ಅನ್ನುತ್ತೇನೆಂದು ಕಾಯುತ್ತಿದ್ದ ಹಾಗಿತ್ತು. "ಪೂರ್ತಿ ಸಾಲು ತೆಗೀರಿ," ಅಂದೆ. ಅವನು ನನ್ನ ಮುಖ ನೋಡಿದ.

"ನಾಳಿ ಸರ್ವೆಯವರಿಗೆ ಬ್ಯಾರೆ ಹೇಳಂಗಿಲ್ಲಲ್ಲ?"

"ಬಂಡೆಯ ಗುರುತು ತೋರಿಸ್ತೀನಿ. ನೀವೂ ಜೊತಿಗಿರ್ರಿ."

"ಇರ್ತೀನಿ ಬಿಡ್ರಿ. ನಿಮ್ಮನ್ನೊಬ್ರನ್ನ ಬಿಡಂಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳೆಲ್ಲ ದಂಡೆಗೆ ಬಂದಿದ್ದವು. ನೀರು ಸಂಜೆಯವರೆಗೆ ಹರಿದು, ಬಂಡೆಯ ಬಿಳಿ ಗೆರೆಗೆ ಬಂದು ನಿಂತಿತು. ಮತ್ತೆ ಪೈಪು ಎಳೆದೆವು. ಈ ಸಲ ಅವನು ತುದಿ ಅದಲು ಬದಲು ಮಾಡಿದ. ಗೋಡೆಯದು ನನ್ನ ಕೈಗೆ, ಕೋಡಿಯದು ಅವನ ಕೈಗೆ. ಯಂಕಮ್ಮ ನನ್ನ ಸ್ಟೀಲ್ ಸ್ಕೇಲ್ ಬೇಡವೆಂದು ಗಂಡನ ಟೇಪು ತಂದಳು. ನಾನು ಒಮ್ಮೆ ಓದಿದೆ. ಅವಳು ಬಗ್ಗಿ, ಗೆರೆ ಎಣಿಸಿ ಇನ್ನೊಮ್ಮೆ ಓದಿದಳು. ಕೊನೆಗೆ ಸಾಬಣ್ಣ ಅವಳನ್ನು ಕೋಡಿಗೆ ಕರೆದು, ತುದಿಯನ್ನು ಅವಳ ಕೈಗೆ ಕೊಟ್ಟು, ಅಲ್ಲಿಂದ ನಡೆದು ಬಂದು ತಾನೇ ನೋಡಿದ.

ಗೋಡೆಯ ಬುಡ ಕೋಡಿಗಿಂತ ಏಳು ಸೆಂಟಿಮೀಟರ್ ಮೇಲಿತ್ತು.